ಎಣ್ಣೆತೊಟ್ಟಿಯ ಕಂಪ್ಯೂಟರು

ಆ ಬೇಸಿಗೆಯಲ್ಲಿ ನಮ್ಮ ಮನೆಯ ಒಂದೇ ಒಂದು ಟೇಬಲ್ ಫ್ಯಾನು ಮನುಷ್ಯರ ಕಡೆ ತಿರುಗಲಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚೆಂಬೂರಿನಲ್ಲಿ ನಮ್ಮದು ಬಿಲ್ಡಿಂಗಿನ ಕೊನೇ ಮಾಳಿಗೆ, ತಲೆಯ ಮೇಲೆ ಬರೀ ಟೆರೇಸು. ಮಧ್ಯಾಹ್ನ ಕಾದ ಸ್ಲ್ಯಾಬು ಸಂಜೆ ಏಳರವರೆಗೂ ಬಿಸಿ ಕಾರುತ್ತಿತ್ತು. ಸೀಲಿಂಗ್ ಫ್ಯಾನು ಆ ಬಿಸಿಯನ್ನೇ ಕಲಕಿ ಕಲಕಿ ನಮಗೆ ಬಡಿಸುತ್ತಿತ್ತು. ಟೇಬಲ್ ಫ್ಯಾನು ಮಾತ್ರ ಮುಂದಿನ ಕೋಣೆಯ ಮೂಲೆಯಲ್ಲಿ, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರಿನ ಸೇವೆಗೆ ನಿಂತಿತ್ತು. ಜ್ವರ ಬಂದ ಮಗುವಿಗೆ ಗಾಳಿ ಹಾಕಿದ ಹಾಗೆ. ಆದರೂ ಅದು ಅರ್ಧ ಗಂಟೆ ಕೆಲಸ ಮಾಡಿ, ಅಕ್ಷರಗಳನ್ನೆಲ್ಲ ತೆರೆಯ ಮೇಲೆ ಇದ್ದಲ್ಲೇ ನಿಲ್ಲಿಸಿ ಸುಮ್ಮನಾಗಿಬಿಡುತ್ತಿತ್ತು. ನನ್ನ ಮಗಳು ಅದನ್ನು ಆರಿಸಿ, ಗಲ್ಲಕ್ಕೆ ಕೈ ಕೊಟ್ಟು ಒಂದು ಗಂಟೆ ಕಾಯುವಳು.

ಹಾಗೆ ಕಾಯುತ್ತ ಕೂರುವಷ್ಟು ದಿನ ಅವಳ ಹತ್ತಿರ ಇರಲಿಲ್ಲ. ಡಿಪ್ಲೊಮಾ ಕೊನೇ ವರ್ಷ. ಹಿಂದಿನ ವರ್ಷ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಕಾಮಾಲೆ ಬಂದು ಹಾಸಿಗೆ ಹಿಡಿದಿದ್ದಳು. ಜೊತೆಯವರೆಲ್ಲ ಪಾಸಾಗಿ ಹೋದರು. ಈ ಸಲ ಪ್ರಾಜೆಕ್ಟು ಒಪ್ಪಿಸದಿದ್ದರೆ ಇನ್ನೊಂದು ವರ್ಷ ಕೈತಪ್ಪಿದ ಹಾಗೆ. ಕಾಲೇಜಿನ ಲೈಬ್ರರಿಯಲ್ಲಿ ಯಾವ ಪುಸ್ತಕ ಯಾರ ಹತ್ತಿರ ಇದೆ ಅಂತ ಕೇಳಿದರೆ ಹೇಳುವ ಪ್ರೋಗ್ರಾಮು ಅದು. ಅಲ್ಲಿನ ಲ್ಯಾಬಿನಲ್ಲಿ ಒಂದು ಮೆಷೀನಿಗೆ ಆರು ಹುಡುಗಿಯರು. ಅದಕ್ಕೇ ನಮ್ಮವರು, ಪರಿಚಯದವರ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರೊಂದನ್ನು ತಂದು ಸರಿಮಾಡಿ ಕೊಟ್ಟಿದ್ದರು. "ಇನ್ನೊಂದು ವರ್ಷ ಹೋದ್ರೆ ನಾನು ಕಾಲೇಜಿನ ಮೆಟ್ಟಿಲು ಹತ್ತಲ್ಲಮ್ಮ" ಅಂತ ಒಂದು ದಿನ ತಟ್ಟೆ ತೊಳೆಯುತ್ತಾ ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಅದೇ ನನಗೆ ಭಯವಾಯಿತು.

ನಮ್ಮವರಿಗೆ ಭಾಂಡುಪ್‌ನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಕೆಲಸ. ಒಂದು ಸಂಜೆ ಶರ್ಟು ಬಿಚ್ಚುವುದಕ್ಕೂ ಮುಂಚೆ ಶುರುಮಾಡಿದರು.

"ಲೇ, ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಹೇಗೆ ತಣ್ಣಗಿರುತ್ತೆ ಗೊತ್ತೇನೇ?"

"ನಂಗೇನ್ರೀ ಗೊತ್ತು?"

"ಎಣ್ಣೇಲಿ ಮುಳುಗಿ ಕೂತಿರುತ್ತೆ. ಇದನ್ನೂ ಮುಳುಗಿಸಿಬಿಡೋಣ."

ತಮಾಷೆ ಅಂದುಕೊಂಡು, "ಯಾವ ಎಣ್ಣೆ ಬೇಕು? ಕಡಲೆಕಾಯಿದೋ ಕೊಬ್ಬರೀದೋ?" ಅಂದೆ. ಅವರು ನಗಲಿಲ್ಲ. ಮಗಳೂ ನಗಲಿಲ್ಲ, ಕುರ್ಚಿ ತಿರುಗಿಸಿ ಅಪ್ಪನ ಮುಖ ನೋಡುತ್ತಿದ್ದಳು. ನೆಲದಿಂದ ತೆಗೆಯುವ ಎಣ್ಣೆಯನ್ನು ಶುದ್ಧಮಾಡಿದರೆ ಅದರಲ್ಲಿ ಕರೆಂಟು ಹರಿಯುವುದಿಲ್ಲವಂತೆ, ಬಿಸಿಯನ್ನು ಮಾತ್ರ ಎಳೆದುಕೊಳ್ಳುತ್ತದಂತೆ. "ಇಪ್ಪತ್ತು ವರ್ಷದಿಂದ ಎಣ್ಣೇಲಿ ಮುಳುಗಿಸ್ತಾನೇ ಇದೀನಿ, ನನಗೆ ಹೇಳಿಕೊಡಬೇಕಾ?" ಅಂದರು. ಯಾರೂ ಹೇಳಿಕೊಡಲು ಹೋಗಿರಲಿಲ್ಲ.

ಕಾರ್ಖಾನೆಯ ಎಣ್ಣೆಯನ್ನು ಅವರು ಮುಟ್ಟುವವರಲ್ಲ. ಅಲ್ಲಿಂದ ಒಂದು ಮೊಳೆಯನ್ನೂ ಮನೆಗೆ ತಂದವರಲ್ಲ. ಅದೇ ಜಾತಿಯ, ಅದಕ್ಕಿಂತ ತಿಳಿಯಾದ ಎಣ್ಣೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂದರು. ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕೊಡುವ ಔಷಧಿ. ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ನಾಲ್ಕು ಬಾಟಲಿ ಕೇಳಿದಾಗ ಅಂಗಡಿಯ ಗುಜರಾತಿ ಯಜಮಾನರು ಕಾಗದದಲ್ಲಿ ಸುತ್ತಿ ಕೊಟ್ಟರು. ಮಾರನೇ ದಿನ ಆರು ಕೇಳಿದೆ. ಅವರು ಕನ್ನಡಕ ಇಳಿಸಿ, ದನಿ ತಗ್ಗಿಸಿ, "ಭಾಬೀ, ಘರ್ ಮೇಂ ಕಿತನೇ ಲೋಗ್ ಹೈ?" ಅಂದರು. ಮನೇಲಿ ಎಷ್ಟು ಜನ ಅಂತ. "ತೀನ್" ಅಂದೆ, ಮೂರೇ ಜನ. "ಪಪಾಯಾ ಖಿಲಾವೋ. ರೋಜ್ ಸುಬಹ್ ಪಪಾಯಾ." ದಿನಾ ಬೆಳಿಗ್ಗೆ ಪಪ್ಪಾಯಿ ತಿನ್ನಿಸಿ ಅಂತ. ಪಕ್ಕದಲ್ಲಿ ನಿಂತಿದ್ದವರೆಲ್ಲ ನನ್ನನ್ನು ಕರುಣೆಯಿಂದ ನೋಡಿದರು. ಕಂಪ್ಯೂಟರಿಗೆ ಅಂತ ಹೇಳಿದ್ದರೆ ಇನ್ನೂ ಹೆಚ್ಚು ಕರುಣೆ ತೋರಿಸುತ್ತಿದ್ದರೇನೋ. ಉಳಿದ ಬಾಟಲಿಗಳಿಗೆ ಬೇರೆ ಬೇರೆ ರಸ್ತೆಯ ಅಂಗಡಿಗಳನ್ನು ಹುಡುಕಿಕೊಂಡು ಹೋದೆ.

ಗಾಜಿನ ತೊಟ್ಟಿ ದಾದರ್‌ನಿಂದ ಬಂತು. ಮೀನು ಸಾಕುವ ತೊಟ್ಟಿ. ನಮ್ಮವರು ಅದನ್ನು ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಎದುರಿನವನು "ಮಛಲಿ ಕಿಧರ್ ಹೈ?" ಅಂದನಂತೆ. ಇವರು "ಪೀಛೇ ಕೇ ಡಬ್ಬೇ ಮೇಂ ಆ ರಹೀ ಹೈ" ಅಂದರಂತೆ. ಮೀನು ಎಲ್ಲಿ ಅಂದರೆ, ಹಿಂದಿನ ಬೋಗಿಯಲ್ಲಿ ಬರ್ತಿದೆ ಅಂತ. ಅದನ್ನು ಎರಡು ಸಲ ಹೇಳಿ ನಕ್ಕರು. ಒಡೆಯದೆ ಬಂತಲ್ಲ, ಅದೇ ದೊಡ್ಡದು ಅಂತ ನಾನು ದೇವರಿಗೆ ಕೈ ಮುಗಿದೆ.

ಭಾನುವಾರ ಸ್ನಾನ ಮುಗಿಸಿ ಮುಳುಗಿಸಿದರು. ಕಂಪ್ಯೂಟರಿನ ಚಿಪ್‌ಗಳಿದ್ದ ದೊಡ್ಡ ಹಸಿರು ಹಲಗೆ ಮಾತ್ರ ಎಣ್ಣೆಯೊಳಗೆ. ಫ್ಲಾಪಿ ಡ್ರೈವು, ಅಂದರೆ ಬರೆದದ್ದನ್ನೆಲ್ಲ ಇಟ್ಟುಕೊಳ್ಳುವ ತೆಳ್ಳಗಿನ ಚೌಕ ತಟ್ಟೆಯನ್ನು ನುಂಗಿ ಓದುವ ಡಬ್ಬಿ, ಅದರೊಳಗೆ ತಿರುಗುವ ಯಂತ್ರವಿದ್ದದ್ದರಿಂದ ಹೊರಗೇ ಇರಬೇಕು. ಅದನ್ನು ತೊಟ್ಟಿಯ ಪಕ್ಕ ಮೇಜಿನ ಮೇಲಿಟ್ಟರು. ಎರಡಕ್ಕೂ ನಡುವೆ ರಿಬ್ಬನ್ನಿನಂಥ ಅಗಲ ವೈರು, ತೊಟ್ಟಿಯ ಅಂಚು ಹತ್ತಿ ಈಚೆ ಇಳಿದಿತ್ತು. ಸ್ವಿಚ್ಚು ಹಾಕುವಾಗ ನಾನು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಆಂಜನೇಯನನ್ನು ಕರೆಯುತ್ತಿದ್ದೆ. ಢಂ ಅನ್ನಲಿಲ್ಲ. ಒಂದು ಗಂಟೆ ಓಡಿತು, ಎರಡು ಗಂಟೆ ಓಡಿತು. ಮಗಳು ಊಟಕ್ಕೂ ಏಳಲಿಲ್ಲ. ಎದುರು ಮನೆಯ ಮರಾಠಿಯಾಕೆ ಬಂದು ಗಾಜಿಗೆ ಮೂಗು ಹಚ್ಚಿ, "ಅಗಬಾಯಿ! ವಹಿನಿ, ತಳತಾಯ್ ಕಾಯ್ ಹೇ?" ಅಂದಳು. ಎಣ್ಣೇಲಿ ಏನು ಕರೀತಿದ್ದೀರಿ ಅಂತ. ಟೇಬಲ್ ಫ್ಯಾನು ಅಂದು ಸಂಜೆ ಮನುಷ್ಯರ ಕಡೆ ತಿರುಗಿತು.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎಣ್ಣೆ, ಬೆಂಕಿ, ಇವೆರಡನ್ನು ಒಟ್ಟಿಗೆ ಇಟ್ಟರೆ ಏನಾಗುತ್ತದೆ ಅನ್ನುವುದನ್ನು ದಿನಕ್ಕೆರಡು ಸಲ ದೀಪ ಹಚ್ಚುವವಳಿಗೆ ಯಾರೂ ಹೇಳಬೇಕಿಲ್ಲ. ಅದೂ ನಮ್ಮ ದೇವರ ಹಲಗೆ ಇದ್ದದ್ದು ಅದೇ ಮೇಜಿನ ಮೇಲ್ಗಡೆ, ಗೋಡೆಗೆ ಹೊಡೆದ ಶೆಲ್ಫಿನಲ್ಲಿ. ದೇವರನ್ನು ಅಲ್ಲೇ ಬಿಟ್ಟು ದೀಪವನ್ನು ಮಾತ್ರ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಕ್ಕೆ ಸಾಗಿಸಿದೆ. ದೇವರು ಒಂದು ಕಡೆ, ದೀಪ ಒಂದು ಕಡೆ; ಹಚ್ಚುವಾಗಲೆಲ್ಲ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ಬಾಗಿಲ ಹತ್ತಿರ ಒಂದು ಬಕೆಟ್ ಮರಳು ತುಂಬಿಸಿಟ್ಟೆ. ಕಾಲು ಗಂಟೆಗೊಮ್ಮೆ ಹೋಗಿ ತೊಟ್ಟಿ ಮುಟ್ಟಿ ನೋಡುವೆ. ಬೆಚ್ಚಗಿರುತ್ತಿತ್ತು, ಅಷ್ಟೆ. ತರಕಾರಿ ತರಲು ಇಳಿದರೆ ಎರಡನೇ ಮಾಳಿಗೆಯಿಂದಲೇ ವಾಪಸು ಹತ್ತಿ ಬಂದು ಮೂಸಿ ನೋಡಿ ಹೋಗುತ್ತಿದ್ದೆ.

ಹಾಗೆ ನಾಲ್ಕು ದಿನ ಕಳೆಯಿತು. ಶುಕ್ರವಾರ ಬಂತು. ನಮ್ಮಲ್ಲಿ ಶುಕ್ರವಾರ ಹೊಸಲಿಗೆ, ಒಲೆಗೆ, ಹೊಲಿಗೆ ಮೆಷೀನಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಹೂ ಇಡುವುದು ರೂಢಿ. ಮಗಳ ಒಂದು ವರ್ಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತ ಮೆಷೀನಿಗೆ ಇಡದೆ ಬಿಡಲೇ? ಗಾಜಿಗೆ ಕುಂಕುಮ ಇಟ್ಟು, ಅಂಚಿನ ಮೇಲೆ ಎರಡು ಕನಕಾಂಬರ ಇಟ್ಟೆ. ಕೈ ತೆಗೆಯುವಷ್ಟರಲ್ಲಿ ಒಂದು ಹೂವು ಜಾರಿ ಎಣ್ಣೆಗೆ ಬಿತ್ತು. ನೋಡನೋಡುತ್ತ ಹಸಿರು ಹಲಗೆಯ ಹಿಂದಕ್ಕೆ ಇಳಿದು ಕಾಣದಾಯಿತು. ಹೂವಿಗೆ ನೀರು ಚಿಮುಕಿಸಿದ್ದೆ. "ಏನು ಬೇಕಾದ್ರೂ ಮಾಡು, ಇದರೊಳಗೆ ಒಂದು ಹನಿ ನೀರು ಮಾತ್ರ ಬೀಳಬಾರದು" ಅಂತ ನಮ್ಮವರು ಮೊದಲ ದಿನವೇ ಹೇಳಿದ್ದರು.

ನಾನು ಯಾರಿಗೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಡ್ರೈವು ಫ್ಲಾಪಿಯನ್ನು ಓದುವುದನ್ನು ನಿಲ್ಲಿಸಿತು. ಸೋಮವಾರ ಒಪ್ಪಿಸಬೇಕು. ನಮ್ಮವರು ಕೆಲಸಕ್ಕೆ ಹೋಗಿದ್ದರು. ಡ್ರೈವಿನಿಂದ ಕರ್ರ್ ಕರ್ರ್ ಅಂತ ಸದ್ದು. ಮಗಳು ಗಾಬರಿಯಲ್ಲಿ ಒಳಗಿದ್ದ ಫ್ಲಾಪಿಯನ್ನು ತೆಗೆದು, ಜೋಪಾನವಾಗಿ ತೆಗೆದಿಟ್ಟಿದ್ದ ಎರಡನೇ ಪ್ರತಿಯನ್ನು ಹಾಕಿದಳು. ಅದೂ ಕರ್ರ್ ಅಂದಿತು. ಎರಡೂ ಹೋದವು. "ಅಮ್ಮಾ, ಎಲ್ಲಾ ಇದರಲ್ಲೇ ಇತ್ತು" ಅಂದಳು. ಈ ಸಲ ಅಳುತ್ತಿದ್ದಳು.

ನನ್ನ ಹೂವು. ಅದರ ನೀರೇ ಇದನ್ನು ಕೆಡಿಸಿತು ಅಂದುಕೊಂಡೆ. ಹೇಳಬೇಕು ಅಂತ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ನೆಲ ಗುಡಿಸಿದ್ದನ್ನೇ ಗುಡಿಸಿದೆ. ದಿನ ಇಳಿಯುವುದರೊಳಗೆ ದೀಪವನ್ನಾದರೂ ಹಚ್ಚೋಣ ಅಂತ ಉದ್ದ ಬತ್ತಿ ಹಾಕಿದೆ. ಬತ್ತಿಯ ತುದಿ ಅಂಚಿನಿಂದ ಆಚೆ ಜೋತುಬಿತ್ತು. ಸರಿಮಾಡಲೂ ಮನಸ್ಸಿಲ್ಲದೆ ಕೈ ಮುಗಿದು ನಿಂತೆ. ತಪ್ಪಾಯ್ತಪ್ಪ, ನನ್ನ ತಪ್ಪಿಗೆ ಅವಳನ್ನು ಹಿಡೀಬೇಡ. ಕಣ್ಣು ಬಿಟ್ಟಾಗ ದೀಪದ ಕೆಳಗಿನ ತಟ್ಟೆಯಲ್ಲಿ ಎಣ್ಣೆ. ಬತ್ತಿಯ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಇದು ಯಾವ ಹೆಂಗಸಿಗೆ ಗೊತ್ತಿಲ್ಲ? ಬತ್ತಿಯ ತುದಿ ಮೇಲಿದ್ದರೆ ಎಣ್ಣೆ ತುದಿಯಲ್ಲೇ ನಿಲ್ಲುತ್ತದೆ. ತುದಿ ಎಣ್ಣೆಗಿಂತ ಕೆಳಕ್ಕೆ ಜೋತುಬಿದ್ದರೆ ಹಣತೆಯೆಲ್ಲ ಖಾಲಿಯಾಗುವವರೆಗೆ ಸೋರುತ್ತದೆ. ನಾನು ಮುಂದಿನ ಕೋಣೆಗೆ ಹೋಗಿ ಆ ರಿಬ್ಬನ್ ವೈರಿನ ಕೆಳಗೆ ಬೆರಳಾಡಿಸಿದೆ. ಜಿಡ್ಡು. ಡ್ರೈವನ್ನು ಎತ್ತಿ ಬಗ್ಗಿಸಿದೆ. ಬಾಯಿಂದ ಎಣ್ಣೆ ಇಳಿಯಿತು.

"ಪುಟ್ಟೀ, ಇದು ಬತ್ತಿ ಕಣೇ" ಅಂದೆ.

"ಏನು?"

"ವೈರೊಳಗಿನ ಎಳೆಯೆಲ್ಲಾ ಎಣ್ಣೆ ಎಳೀತಿದೆ. ಈ ಡಬ್ಬಿ ತೊಟ್ಟಿಯ ಎಣ್ಣೆಗಿಂತ ಕೆಳಗಿದೆ, ಅದಕ್ಕೇ ಇಲ್ಲಿ ಬಂದು ತುಂಬಿದೆ. ಎತ್ತರದಲ್ಲಿಡಬೇಕು ಇದನ್ನ."

ಅವಳು ವೈರು ಮುಟ್ಟಿ ನೋಡಿದಳು, ಬೆರಳು ಮೂಸಿದಳು. "ಎತ್ತರದಲ್ಲಿ ಎಲ್ಲಿಡೋದು?" ಅಂದಳು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ವೈರು ಎಟುಕುವಷ್ಟು ದೂರದಲ್ಲಿದ್ದದ್ದು ದೇವರ ಶೆಲ್ಫು ಒಂದೇ. ನಾನೇ ಕೈಕಾಲು ತೊಳೆದು ಬಂದು, ಒಬ್ಬೊಬ್ಬರನ್ನೇ ಎತ್ತಿ ಅಕ್ಕಿ ಡಬ್ಬದ ಮೇಲೆ ದೀಪದ ಹತ್ತಿರ ಕೂರಿಸಿದೆ. ಆಂಜನೇಯನ ಪಟ ಕೊನೆಗೆ. ಖಾಲಿಯಾದ ಜಾಗದಲ್ಲಿ ಡ್ರೈವು ಕೂರಬೇಕಿತ್ತು. ಅದರ ಹೊಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬತ್ತಿಯ ಹತ್ತಿಯಿಂದಲೇ ಒರೆಸಿದಳು ಮಗಳು.

ಇನ್ನು ಉಳಿದದ್ದು ಫ್ಲಾಪಿಗಳ ಕೆಲಸ. ಕಪ್ಪು ಚೀಲದಂಥ ಹೊರಕವಚದ ಅಂಚು ಕತ್ತರಿಸಿ ಒಳಗಿನ ತಟ್ಟೆಯನ್ನು ಹೊರತೆಗೆದಳು. ಹಪ್ಪಳದಷ್ಟು ತೆಳ್ಳಗೆ, ಕಂದು ಬಣ್ಣ, ಮೈಯೆಲ್ಲ ಎಣ್ಣೆ. "ಸೋಪು ಹಾಕಲಾ?" ಅಂದಳು. ಸೋಪು ರೇಷ್ಮೆಗೇ ಆಗದು, ಇದಕ್ಕೆ ಆದೀತೇ? ನನ್ನ ಧಾರೆ ಸೀರೆಗೆ ಬಿದ್ದ ತುಪ್ಪದ ಕಲೆಯನ್ನು ನಾನು ಅಂಟುವಾಳದ ನೀರಿನಲ್ಲಿ ತೆಗೆದಿದ್ದೆ. ನಾಲ್ಕು ಅಂಟುವಾಳದ ಕಾಯಿ ಕುದಿಸಿ, ಆರಿಸಿ, ತೆಳುಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಉಜ್ಜದೆ, ಬರೀ ಅಲುಗಾಡಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಹಳೇ ಮಲ್ಲು ಪಂಚೆಯ ಮೇಲೆ ನೆರಳಿನಲ್ಲಿ ಹರವಿದೆ. ಆಗಲೇ ನಮ್ಮವರು ಬಂದರು. ಅಕ್ಕಿ ಡಬ್ಬದ ಮೇಲೆ ದೇವರು, ದೇವರ ಜಾಗದಲ್ಲಿ ಡ್ರೈವು, ಪಂಚೆಯ ಮೇಲೆ ಒಣಗುತ್ತಿರುವ ಫ್ಲಾಪಿ. ಎಲ್ಲ ನೋಡಿ, ಕೇಳಿ, ವೈರನ್ನೊಮ್ಮೆ ಒತ್ತಿ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು.

"ಟ್ರಾನ್ಸ್‌ಫಾರ್ಮರಲ್ಲಿ ವೈರು ಹೊರಗೆ ಬರೋ ಕಡೆ ನಾವು ಭದ್ರವಾಗಿ ಮುಚ್ಚಿರ್ತೀವಿ" ಅಂದರು. "ಇದು ಹೊಳೀಲೇ ಇಲ್ಲ ನೋಡು."

"ನೀವು ಇಪ್ಪತ್ತು ವರ್ಷದಿಂದ ಮುಳುಗಿಸ್ತಿದ್ರೆ ನಾನೂ ಇಪ್ಪತ್ತು ವರ್ಷದಿಂದ ಎಣ್ಣೆ ಹಾಕ್ತಿದೀನಿ" ಅಂದೆ. ಅನ್ನಬಾರದಿತ್ತೇನೋ. ಹೂವಿನ ವಿಷಯ ಆಗಲೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಒಣಗಿದ ತಟ್ಟೆಗಳನ್ನು ಹೊಸ ಫ್ಲಾಪಿಗಳಿಂದ ಬಿಚ್ಚಿದ ಕವಚದಲ್ಲಿ ಕೂರಿಸಿ ಮೇಲಿನ ಡ್ರೈವಿಗೆ ಕೊಟ್ಟರು. ಮೊದಲನೆಯದು ಓದಲೇ ಇಲ್ಲ. ಎರಡನೆಯದು ಕರ್ರ್ ಅಂದಿತು, ನಿಂತಿತು, ಮತ್ತೆ ಕರ್ರ್ ಅಂದಿತು. ನಾನು ಸೊಪ್ಪು ಬಿಡಿಸುತ್ತ ಎಲೆಯನ್ನು ಬಿಟ್ಟು ಕಡ್ಡಿಯನ್ನು ಪಾತ್ರೆಗೆ ಹಾಕುತ್ತಿದ್ದೆ. "ಬಂತು!" ಅಂತ ಅಪ್ಪ ಮಗಳು ಒಟ್ಟಿಗೆ ಕೂಗಿದರು. ಎಲ್ಲ ಬಂದಿರಲಿಲ್ಲ. ಪುಸ್ತಕ ವಾಪಸು ಪಡೆಯುವ ಭಾಗ ಪೂರ್ತಿ ಹೋಗಿತ್ತು. ಉಳಿದದ್ದನ್ನು ಹೊಸ ಫ್ಲಾಪಿಗೆ ಇಳಿಸಿಕೊಂಡು, ಹೋದದ್ದನ್ನು ಮಗಳು ಸಂಜೆಯವರೆಗೆ ಕೂತು ಮತ್ತೆ ಬರೆದಳು. ಅಷ್ಟು ಹೊತ್ತೂ ಮೆಷೀನು ಒಂದು ಸಲವೂ ನಿಲ್ಲಲಿಲ್ಲ. ಅದನ್ನೂ ಹೇಳಲೇಬೇಕು.

ಸೋಮವಾರ ಫ್ಲಾಪಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಸಂಜೆಯವರೆಗೆ ನಾನು ಗ್ಯಾಲರಿಗೂ ಒಲೆಗೂ ಓಡಾಡಿದ್ದೇ ಓಡಾಡಿದ್ದು. ಬಂದವಳು ಚಪ್ಪಲಿ ಬಿಡುತ್ತಾ, "ಓಡ್ತಮ್ಮ. ವಾಪಸು ಪಡೆಯೋ ಕಡೆ ಸ್ವಲ್ಪ ತಡವರಿಸ್ತು, ಆದ್ರೂ ಓಡ್ತು. ತಗೊಂಡ್ರು" ಅಂದಳು. ನಾನು ಒಳಗೆ ಹೋಗಿ ಅಕ್ಕಿ ಡಬ್ಬದ ಮುಂದೆ ಅಡ್ಡಬಿದ್ದೆ. ಎದ್ದಾಗ ಹಣೆಗೆ ಅಕ್ಕಿನುಚ್ಚು ಅಂಟಿತ್ತು. ಅವಳು ನಕ್ಕಳು.

ಮಳೆಗಾಲ ಹಿಡಿದ ಮೇಲೆ, ಅವಳು ಪಾಸಾದ ಮೇಲೆ, ತೊಟ್ಟಿ ಖಾಲಿ ಮಾಡಿದೆವು. ನಮ್ಮವರು ಹಸಿರು ಹಲಗೆಯನ್ನು ಎತ್ತಿದಾಗ ತಳದಲ್ಲಿ ನನ್ನ ಕನಕಾಂಬರ ಇತ್ತು. ಬಣ್ಣ ಹೋಗಿ ಗಾಜಿನ ಹಾಗಾಗಿತ್ತು, ಎಸಳು ಒಂದೂ ಉದುರಿರಲಿಲ್ಲ. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು ನನ್ನನ್ನು ನೋಡಿದರು.

"ಯಾವಾಗ?"

"ಆ ಶುಕ್ರವಾರ."

"ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೆಯಾ?"

ಹೌದು ಅಂತ ತಲೆಯಾಡಿಸಿದೆ. ಅವರು ಹೂವನ್ನು ಎಸೆಯದೆ ನನ್ನ ಕೈಗೆ ಕೊಟ್ಟರು. ದೇವರು ಮಾತ್ರ ಶೆಲ್ಫಿಗೆ ವಾಪಸು ಹೋಗಲಿಲ್ಲ. ಅಡುಗೆಮನೆಯಲ್ಲೇ, ದೀಪದ ಪಕ್ಕದಲ್ಲೇ ಉಳಿದರು.