ಬಡಗಣಕ್ಕೆ ತಲೆಯಿಟ್ಟವಳು

“ಆಕ್ಸಿಜನ್ನಿನ ಹೊರಗಿನ ಪಿ ಮನ್ಯಾಗ ಕೋಣಿ ಮೂರು, ಇಲೆಕ್ಟ್ರಾನ್ ನಾಕು. ನಮ್ಮನ್ಯಾಗೂ ಹಂಗ ಇತ್ತು. ಹೊರಸು ಮೂರು, ಹುಡಿಗ್ಯಾರು ನಾಕು ಮಂದಿ. ಖಾಲಿ ಹೊರಸು ಇರೂತನಕ ಯಾರೂ ಜೋಡಿ ಮಲಗಂಗಿಲ್ಲ. ಒಬ್ಬೊಬ್ಬಾಕಿಗೆ ಒಂದೊಂದು, ಎಲ್ಲಾರ ತಲಿ ತೆಂಕಣಕ್ಕ. ನಾಕನೇದಾಕಿ ನಾ. ಅಕ್ಕನ ಹೊರಸಿಗೆ ಹೋಗಬೇಕಾತು. ಇಬ್ಬರ ತಲಿ ಒಂದ ಕಡೆ ಆದ್ರ ಹಿಡಿಯಂಗಿಲ್ಲ. ಒಬ್ಬಾಕಿ ತೆಂಕಣಕ್ಕ, ಒಬ್ಬಾಕಿ ಬಡಗಣಕ್ಕ. ಮೂರನೇದಾಕಿಗೆ ಅಲ್ಲಿ ಜಾಗಾನ ಇಲ್ಲ. ಇಲೆಕ್ಟ್ರಾನಿಗೆ ತಲಿ ಇಲ್ಲ, ಸ್ಪಿನ್ ಐತಿ; ಅದನ್ನ ಬಾಣ ಬರದು ತೋರಸ್ತೇವಿ. ಜೋಡಿಯಾದ್ರ ಒಂದು ಮ್ಯಾಲಿನ ಬಾಣ, ಒಂದು ಕೆಳಗಿನ ಬಾಣ.”

ಹುನಗುಂದದ ಕಾಲೇಜಿನಲ್ಲಿ ಮಹೇಶ್ವರಿ ಹದಿನಾಲ್ಕು ವರ್ಷದಿಂದ ರಸಾಯನಶಾಸ್ತ್ರದ ಈ ಪಾಠವನ್ನು ಹೀಗೆಯೇ ಹೇಳುತ್ತ ಬಂದಿದ್ದಳು. ಮಕ್ಕಳು ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ. ಅಕ್ಕ ತೀರಿಕೊಂಡು ಇನ್ನೂ ಇಪ್ಪತ್ತು ದಿನ. ಈ ಸಲ ಪಾಠ ತಾನು ತೆಗೆದುಕೊಳ್ಳುತ್ತೇನೆಂದು ಭೌತಶಾಸ್ತ್ರದ ರಾಚಯ್ಯ ಸರ್ ಹೇಳಿದ್ದರು. ಅವಳೇ ಬೇಡವೆಂದಿದ್ದಳು. ಹೊರಸಿನ ಮಾತು ಎತ್ತಬಾರದು, ಪುಸ್ತಕದಲ್ಲಿದ್ದಷ್ಟೇ ಹೇಳಬೇಕು ಎಂದುಕೊಂಡು ಒಳಗೆ ಬಂದಿದ್ದಳು. ಬಾಯಿ ರೂಢಿಯ ದಾರಿ ಹಿಡಿದುಬಿಟ್ಟಿತ್ತು.

ಮುಂದಿನ ಬೆಂಚಿನ ಐಶ್ವರ್ಯ ಕೇಳಿದಳು: “ಬಡಗಣಕ್ಕ ತಲಿ ಇಟ್ಟಾಕಿ ಯಾರ್ರಿ ಮಿಸ್, ನೀವೇನ್ರಿ?”

“ನಮ್ಮಕ್ಕ. ಸಿದ್ದಲಿಂಗವ್ವ.”

ಇಳಕಲ್ಲಿನ ಆ ಮನೆಯಲ್ಲಿ ಅರ್ಧ ಜಾಗವನ್ನು ಕುಣಿಮಗ್ಗವೇ ನುಂಗಿತ್ತು. ಹೊರಸುಗಳನ್ನು ಬೇರೆ ದಿಕ್ಕಿಗೆ ತಿರುಗಿಸುವ ಹಾಗಿರಲಿಲ್ಲ. ಬಡಗಣಕ್ಕೆ ತಲೆಯಿಟ್ಟವಳು ಬಹಳ ದಿನ ಬಾಳುವುದಿಲ್ಲವೆಂದು ಅಜ್ಜಿ ಗದರಿದಾಗ, ಸಾಲೆ ಬಿಟ್ಟು ಆಗಲೇ ಮಗ್ಗಕ್ಕೆ ಕುಳಿತಿದ್ದ ಸಿದ್ದಲಿಂಗವ್ವ ತಲೆದಿಂಬನ್ನು ತಾನೇ ಆ ಕಡೆ ಎಸೆದಿದ್ದಳು: “ಸಣ್ಣಾಕಿಗೆ ಬ್ಯಾಡ, ನಾ ಮಲಗ್ತೇನಿ. ಯಮ ಹೊಡಕೊಂಡು ಹೋಗೂದಾದ್ರ ನನ್ನ ಒಯ್ಯಲಿ.” ಹಾಗೆ ಹನ್ನೊಂದು ವರ್ಷ ಮಲಗಿದಳು.

ಕಾಮಾಲೆ ಏರಿ ಅಕ್ಕನ ಯಕೃತ್ತು ಕೆಟ್ಟಿತ್ತೆಂದು ಬಾಗಲಕೋಟೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಮಹೇಶ್ವರಿಗೆ ಒಂದೊಂದು ಮಾತೂ ತಿಳಿದಿತ್ತು. ಆದರೂ ಅಜ್ಜಿಯ ಮಾತು ಎದೆಯಲ್ಲಿ ಬಂದು ಕೂತಿತ್ತು; ಆ ದಿಕ್ಕು ತನ್ನದಾಗಬೇಕಿತ್ತು ಎನಿಸುತ್ತಿತ್ತು.

ಐಶ್ವರ್ಯ ಬರೆಯುತ್ತಿದ್ದವಳು ಮತ್ತೆ ತಲೆಯೆತ್ತಿದಳು. “ಕೆಳಗಿನ ಬಾಣ ಮೊದಲ ಬರದ್ರ ಮಾರ್ಕ್ಸ್ ಹೋಗ್ತಾವೇನ್ರಿ?”

ಮಹೇಶ್ವರಿ ಹಲಗೆಯ ಕಡೆ ತಿರುಗಿ ನಿಂತಳು.

“ಇಲ್ಲವ್ವಾ. ಮ್ಯಾಲೆ, ಕೆಳಗ ಅನ್ನೂದು ನಾವು ಇಟ್ಟ ಹೆಸರು. ಎರಡೂ ಬ್ಯಾರೆ ಇದ್ರ ಸಾಕು. ಕೆಳಗಿನ ಬಾಣಕ್ಕ ಯಾವ ಕೇಡೂ ಇಲ್ಲ.”

ಅರವತ್ತು ಮಕ್ಕಳು ಅದನ್ನು ಬರೆದುಕೊಂಡರು, ನಂಬಿದರು. ಹೇಳಿದವಳಿಗೆ ಮಾತ್ರ ನಂಬಿಕೆ ಬರಲಿಲ್ಲ.

ಸಂಜೆ ಬಸ್ಸಿಳಿದು ಇಳಕಲ್ಲಿನ ಮನೆಗೆ ಬಂದವಳು ಕೈಕಾಲು ತೊಳೆದು ಒಲೆಯ ಮೇಲೆ ಎಸರಿಟ್ಟಳು. ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು, ಬಿಸಿ ಆರುವ ಮೊದಲೇ ನಾದತೊಡಗಿದಳು.