ಮೀಸೆಗೂ ಮಣ್ಣು ಹತ್ತುವಂತೆ

ಬೆಳಕು ಹರಿಯುವ ಹೊತ್ತಿಗೆ ಇವರು ಎರಡು ಸಲ ಬಿದ್ದಾಗಿದೆ. ಮೂರನೆಯದಕ್ಕೆ ಅಣಿಯಾಗುತ್ತಿದ್ದಾರೆ. ಮಹಡಿ ಮೇಲಿನ ಇಕ್ಕಟ್ಟು ಬಾಡಿಗೆ ಮನೆ. ಮೇಜು ಗೋಡೆಗೆ ಒತ್ತಿಕೊಂಡಿದೆ, ಹಾಸಿಗೆ ನೆಲಕ್ಕೆ ಬಂದಿದೆ. ಕೈಯಲ್ಲಿ ನೆಲ ಒರೆಸುವ ಕೋಲು. ಎದುರಿಗಿಲ್ಲದ ಯಾರೋ ಎದೆಗೆ ತಿವಿದಂತೆ ಹಿಂದಕ್ಕೆ ವಾಲಿ, ಹಿಮ್ಮಡಿಯ ಮೇಲೆ ಒಂದು ಕ್ಷಣ ತೂಗಿ, ದೊಪ್ಪನೆ ಬೀಳುತ್ತಾರೆ. ಬಿದ್ದಲ್ಲೇ ಮಲಗಿ, ಮೊದಲು ತಾಗಿದ್ದು ಸೊಂಟವೋ ಮೊಣಕೈಯೋ ಎಂದು ಯೋಚಿಸುತ್ತಾರೆ.

"ಮೊಣಕೈ ಕಣೇ," ಅಡುಗೆಮನೆಯಿಂದ ಅತ್ತೆಯ ತೀರ್ಪು ಬರುತ್ತದೆ. "ಸದ್ದಲ್ಲೇ ಗೊತ್ತಾಗುತ್ತೆ." ಸೊಸೆ ಬೀಳುವುದಕ್ಕೆ ಸಂಬಳ ಪಡೆಯುತ್ತಾಳೆಂದರೆ ಅಕ್ಕಪಕ್ಕದವರು ನಂಬುವುದಿಲ್ಲ ಎಂಬುದು ಅತ್ತೆಯ ಕೊರಗು. "ಕೆಳಗಿನ ಮನೆಯವಳು ನನ್ನನ್ನೇ ಒಂಥರಾ ನೋಡ್ತಾಳೆ. ಅತ್ತೇನೇ ತಳ್ತಾಳೇನೋ ಅಂತ."

ಬೀಳುವುದು ಅಭ್ಯಾಸ, ಬರೆಯುವುದು ಕೆಲಸ. ಮಕ್ಕಳ ಸಾಹಸ ಕಾರ್ಟೂನ್ ಸರಣಿಯೊಂದರಲ್ಲಿ ಹಿರಿಯ ಚಿತ್ರಕಾರರು ಮುಖ್ಯ ಭಂಗಿಗಳನ್ನಷ್ಟೇ ಬರೆದುಕೊಡುತ್ತಾರೆ: ಹುಡುಗ ನಿಂತಿದ್ದಾನೆ, ಹುಡುಗ ಬಿದ್ದಿದ್ದಾನೆ. ನಿಂತವನು ಬಿದ್ದವನಾಗುವ ನಡುವಿನ ಚಿತ್ರಗಳೆಲ್ಲ ಇವರ ಪಾಲು. ಪರದೆಯ ಮೇಲೆ ಒಂದು ಸೆಕೆಂಡು ಓಡಬೇಕಾದರೆ ಹನ್ನೆರಡು ಚಿತ್ರ ಬೇಕು. ಯಾರು ಎಲ್ಲಿಂದ ಬೀಳಬೇಕಾದರೂ ಹಾಳೆಗಳು ಇವರ ಮೇಜಿಗೇ ಬರುವುದರಿಂದ ಸ್ಟುಡಿಯೊದಲ್ಲಿ ಇವರ ಹೆಸರು ‘ಬೀಳೋ ಅಕ್ಕ’. ಕೆಲಸದ ಕೋಣೆಗೆ ಕಿಟಕಿಯಿಲ್ಲ. ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಜಿಗೆ ಬಾಗಿ ಬಾಗಿ ಕತ್ತು ಒಂದೇ ಕಡೆಗೆ ವಾಲಿದೆ. ಬಲಗೈ ಮಣಿಕಟ್ಟಿಗೆ ಸದಾ ಪಟ್ಟಿ.

ಈ ಕೆಲಸದ ಹನ್ನೊಂದು ವರ್ಷಗಳಲ್ಲಿ ಇನ್ನೊಂದು ಗುಣವೂ ಅಂಟಿಕೊಂಡಿದೆ: ಯಾರನ್ನೂ ನಂಬದಿರುವುದು. ಮೇಜು ಬಿಟ್ಟು ಎದ್ದರೆ ಹಾಳೆಗಳ ಕಟ್ಟಿನ ಮೇಲೆ ಪೆನ್ಸಿಲನ್ನು ಓರೆಯಾಗಿಟ್ಟು ಹೋಗುತ್ತಾರೆ, ಯಾರಾದರೂ ಮುಟ್ಟಿದರೆ ತಿಳಿಯಲೆಂದು. ಮಾತಾಡಿಸಲು ಬಂದವರನ್ನೂ ಮೊದಲು ಕೇಳುವುದು, "ನಿಮ್ಮನ್ನ ಯಾರು ಕಳ್ಸಿದ್ದು? ಡೈರೆಕ್ಟರಾ?"

ಅನುಮಾನಕ್ಕೆ ಕಾರಣವಿದೆ. ಸರಣಿಯ ನಾಯಕ ಸೂರಿನಿಂದ ಸೂರಿಗೆ ಜಿಗಿದು ಓಲೆ ಮುಟ್ಟಿಸುವ ಹುಡುಗ. ಅವನಿಗೆ ಸಮಬಲದ ಎದುರಾಳಿ ಬೂದು ಕೋಟಿನ ಹುಡುಗಿ. ಅವಳ ಕೈಯಲ್ಲಿ ಅವನು ಸೋತಾಗಲೆಲ್ಲ ಸ್ಟುಡಿಯೊ ಏನಾದರೊಂದು ಸಬೂಬು ಒದಗಿಸಿದೆ. ಒಮ್ಮೆ ಅವನಿಗೆ ಜ್ವರವಿತ್ತು. ಒಮ್ಮೆ ಅವಳು ತೊಲೆಗೆ ಎಣ್ಣೆ ಸವರಿದ್ದಳು. ಇನ್ನೊಮ್ಮೆ ಇಡೀ ಸೋಲೇ ಕನಸಾಗಿತ್ತು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ಆ ಕತೆ. ಇಷ್ಟು ವರ್ಷದಿಂದ ಅವನ ಮೀಸೆ ಒರೆಸ್ತಾನೇ ಇದೀನಿ. ಅವನಿಗಿನ್ನೂ ಮೀಸೇನೇ ಬಂದಿಲ್ಲ!"

ನಗುತ್ತಾರೆ, ಆದರೆ ಇದು ಇವರಿಗೆ ತಮಾಷೆಯಲ್ಲ. ನಾಲ್ಕನೇ ತರಗತಿಯ ಮಗಳು ಈಜುಸ್ಪರ್ಧೆಯಲ್ಲಿ ತನ್ನ ಜೀವದ ಗೆಳತಿಯ ಎದುರು ಸೋತಳು. ಸೀಟಿ ಊದುವ ಮೊದಲೇ ಗೆಳತಿ ನೀರಿಗೆ ಹಾರಿದಳೆಂದು ಶಾಲೆಯಿಡೀ ಹೇಳಿಕೊಂಡು ಬಂದಳು. ಗೆಳತಿ ಹಾಗೆ ಹಾರಿರಲಿಲ್ಲ, ದಡದಲ್ಲಿ ನಿಂತಿದ್ದ ಇವರೇ ನೋಡಿದ್ದಾರೆ. ಇಬ್ಬರ ನಡುವೆ ಮಾತು ನಿಂತುಹೋಯಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅಜ್ಜಿ ಛೇಡಿಸಿದಾಗ ಹುಡುಗಿ ಉತ್ತರ ಕೊಟ್ಟದ್ದು ಅಮ್ಮನಿಗೆ: "ನಿನ್ನ ಹೀರೋ ಸೋತಾಗ್ಲೂ ಮೋಸಾನೇ ಆಗಿರುತ್ತಲ್ಲ. ನೀನೇ ಬರ್ದಿದ್ದು."

ಹಾಗಾಗಿ, ಓಲೆಕಾರ ಯಾವ ನೆಪವೂ ಇಲ್ಲದೆ ಸೋಲುವ ಕಂತೊಂದನ್ನು ಬರೆಯಲಾಗಿದೆ ಎಂದು ತಿಳಿದಾಗ ಇವರು ಅದನ್ನು ಕೇಳಿ ಪಡೆದರು. ಕಾಲುವೆಗೆ ಅಡ್ಡಲಾಗಿರುವ ತೊಲೆಯ ಮೇಲೆ ಕೋಲಿನ ಕಾಳಗ. ಅವಳು ತಿವಿಯುತ್ತಾಳೆ, ಅವನು ನೀರಿಗೆ ಬೀಳುತ್ತಾನೆ. ಅಷ್ಟೇ.

ಬಣ್ಣ ತುಂಬುವ ಮೊದಲು ಪೆನ್ಸಿಲ್ ಗೆರೆಗಳನ್ನೇ ಓಡಿಸಿ ಒಂದಷ್ಟು ಮಕ್ಕಳಿಗೆ ತೋರಿಸುವುದು ಇಲ್ಲಿನ ಪದ್ಧತಿ. ಹುಡುಗ ಯಾಕೆ ಬಿದ್ದ ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ಹೇಳಿದವು: "ಕಾಲಿಗೆ ಏನೋ ಸಿಕ್ತು! ಅವಳೇ ಇಟ್ಟಿರ್ತಾಳೆ!"

ಇವರು ನೇರ ನಿರ್ದೇಶಕರ ಕೋಣೆಗೆ ನುಗ್ಗಿದರು. "ಯಾರು ನನ್ನ ಹಾಳೆ ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲಕ್ಕ."

"ಹಿಂದೆ ಎಣ್ಣೆ ಸವರಿಸಿದ್ದು ನೀವೇ ತಾನೇ?"

"ಅದು ಹಳೇ ಕತೆ. ಅನುಮಾನ ಇದ್ರೆ ಕಟ್ಟು ತಗೊಂಡು ನೀವೇ ನೋಡಿ."

ನೋಡಿದರು. ಹಾಳೆಗಳ ತುದಿಯನ್ನು ಬೆರಳ ನಡುವೆ ಹಿಡಿದು ಸರಸರನೆ ಬಿಟ್ಟರೆ ಹುಡುಗ ಬೀಳುತ್ತಾನೆ. ಮತ್ತೆ ಬಿಟ್ಟರೆ ಮತ್ತೆ ಬೀಳುತ್ತಾನೆ. ಕಲ್ಲಿಲ್ಲ, ಎಣ್ಣೆಯಿಲ್ಲ. ಕೊನೆಗೆ ಸಿಕ್ಕಿದ್ದು ಕಣ್ಣು. ಬೀಳುವ ಮುನ್ನ ಹುಡುಗನ ಕಣ್ಣು ಸರ್ರನೆ ಪಾದದ ಕಡೆ ಹೊರಳುತ್ತಿತ್ತು. ಅವನು ನೋಡಿದಲ್ಲಿಗೆ ಮಕ್ಕಳೂ ನೋಡಿದ್ದರು. ನೋಡಿದ ಮೇಲೆ ಅಲ್ಲೊಂದು ಕಳ್ಳಾಟ ಇರಲೇಬೇಕಲ್ಲ. ಗೆರೆ ಮಾತ್ರ ಬೇರೆಯವರದಲ್ಲ, ಇವರದೇ. "ಕುಂಬಳಕಾಯಿ ಕಳ್ಳನ್ನ ಹುಡುಕೋಕೆ ಹೋಗಿ ನನ್ನ ಹೆಗಲನ್ನೇ ಮುಟ್ಕೊಂಡೆ."

ಕಣ್ಣು ಕೆಳಗೆ ಹೋದದ್ದೇಕೆಂದು ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಬಿದ್ದಾಗ ಹೊಳೆಯಿತು. ಒಬ್ಬರೇ ಬೀಳುವವರು ಕಾಲನ್ನೇ ನೋಡುತ್ತಾರೆ. ನೋಡಲು ಎದುರಿಗೆ ಮತ್ತೊಬ್ಬರಿಲ್ಲ. ಅದುವರೆಗೆ ಇವರು ಬಿದ್ದದ್ದೆಲ್ಲ ಒಂಟಿಯಾಗಿ. ಮಗಳನ್ನು ಎಬ್ಬಿಸಿ ಕೈಗೆ ಕೋಲು ಕೊಟ್ಟರು.

"ತಳ್ಳು."

"ನಿಜವಾಗ್ಲೂ ತಳ್ಳಲಾ?"

"ನಿಜವಾಗ್ಲೂ. ಅಯ್ಯೋ ಪಾಪ ಅನ್ನಬೇಡ."

"ತಳ್ಳು ಪುಟ್ಟಿ," ಬಾಗಿಲಲ್ಲಿ ನಿಂತ ಅಜ್ಜಿ ಹುರಿದುಂಬಿಸಿದರು. "ಎಷ್ಟು ವರ್ಷದ ಆಸೆ ನಂದು!"

ಮಗಳು ಹಲ್ಲು ಕಚ್ಚಿ ತಳ್ಳಿದಳು. ಬೀಳುವಾಗ ಇವರಿಗೆ ಕಂಡದ್ದು ಅವಳ ಮುಖವೊಂದೇ. ಅಲ್ಲಿ ಕಪಟವಿರಲಿಲ್ಲ, ಬರೀ ಶ್ರಮವಿತ್ತು. ಆ ವಾರವಿಡೀ ಕೂತು ಹುಡುಗನ ಕಣ್ಣುಗಳನ್ನೆಲ್ಲ ಅಳಿಸಿ ಮತ್ತೆ ಬರೆದರು. ಈಗ ಅವನು ನೀರು ಸೇರುವ ತನಕ ಬೂದು ಕೋಟಿನವಳನ್ನೇ ನೋಡುತ್ತಾನೆ.

ಕಂತು ಕಳೆದ ಭಾನುವಾರ ಪ್ರಸಾರವಾಯಿತು. ಕೊನೆ ಗಳಿಗೆಯಲ್ಲಿ ಯಾರಾದರೂ ಕತ್ತರಿಯಾಡಿಸಿರಬಹುದೆಂದು ಇವರಿಗೆ ಅನುಮಾನವಿತ್ತು. ಆಡಿಸಿರಲಿಲ್ಲ. ಮಗಳು ಆ ತುಣುಕನ್ನು ಫೋನಿನಲ್ಲಿ ಹಿಂದಕ್ಕೆಳೆದು, ನಿಲ್ಲಿಸಿ, ದೊಡ್ಡದು ಮಾಡಿ ನೋಡಿದಳು. ತೊಲೆ ನೋಡಿದಳು. ಬೂದು ಕೋಟಿನ ತೋಳಿನೊಳಗೆ ಏನಾದರೂ ಇದೆಯೇ ನೋಡಿದಳು.

"ಏನೂ ಇಲ್ವಲ್ಲ?"

"ಸರಿಯಾಗಿ ಹುಡುಕು."

"ಹುಡುಕ್ದೆ ಅಮ್ಮಾ. ಅವಳು ಚೆನ್ನಾಗಿ ಆಡಿದ್ಲು, ಅಷ್ಟೇ."

ಗೆಳತಿಯರ ನಡುವೆ ಇನ್ನೂ ಮಾತಿಲ್ಲ. ಆದರೆ ಇವತ್ತು ಮಗಳು, ಗೆಳತಿ ಈಜಲು ಹೋಗುವ ಹೊತ್ತಿಗೇ ಸರಿಯಾಗಿ, ಟವೆಲು ಹೆಗಲಿಗೇರಿಸಿಕೊಂಡು ಹೊರಟಳು. "ಜಗಳಕ್ಕೋ ರಾಜಿಗೋ, ನಂಬೋ ಹಾಗಿಲ್ಲ," ಎನ್ನುತ್ತಾ ಇವರು ಹೊಸ ಕಟ್ಟು ಬಿಚ್ಚುತ್ತಾರೆ. ಮುಂದಿನ ಕಂತಿನಲ್ಲೇ ಹುಡುಗ ಸೇಡು ತೀರಿಸಿಕೊಳ್ಳದಿದ್ದರೆ ಸಾಕೆಂಬುದು ಇವರ ಆಸೆ. ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ತಲೆಯೆತ್ತದೆ ಹೇಳುತ್ತಾರೆ: "ನನ್ನ ಮಗಳದು ಹದ್ದಿನ ಕಣ್ಣು. ಅವಳಿಗೇ ನನ್ನ ಗೆರೆಯಲ್ಲಿ ಒಂದು ನೆಪ ಸಿಗ್ಲಿಲ್ಲ ಅಂದ್ಮೇಲೆ, ಅವನು ನಿಜವಾಗ್ಲೂ ಸೋತ."