ಎಣಿಸದೆ ಬಿಟ್ಟ ಅಧಿಕ ಮಾಸ

೧೯೫೫ರಲ್ಲಿ ಭಾದ್ರಪದ ಎರಡು ಬಾರಿ ಬಂದಿತ್ತು. ಮೊದಲನೆಯದು ಅಧಿಕ ಮಾಸ. ಪಂಚಾಂಗವನ್ನು ಈಚೆಗೆ ಮತ್ತೊಮ್ಮೆ ತೆಗೆದು ಖಚಿತಪಡಿಸಿಕೊಂಡೆ. ಸಿಟ್ಟು ಮಾತ್ರ ಅಂದಿನಷ್ಟೇ ಇದೆ.

ನನ್ನ ಅಕ್ಕನನ್ನು ಮಸ್ಕಿಗೆ ಕೊಟ್ಟಿದ್ದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಭಾವ ಸಂಕ್ರಾಂತಿಯ ನಂತರ ಮನೆಗೆ ಬಂದದ್ದು ಯುಗಾದಿಗೇ. ಮಾರ್ಗಶಿರದ ಆರಂಭದಲ್ಲಿ ಲಿಂಗಸುಗೂರಿನ ನಮ್ಮ ಮನೆಯಲ್ಲಿ ಅಕ್ಕ ಮೈತುಂಬಿದ ಹೆಣ್ಣುಮಗುವನ್ನು ಹೆತ್ತಳು. ಮಗನೊಂದಿಗೆ ನೋಡಲು ಬಂದ ಅವಳ ಅತ್ತೆ ತೊಟ್ಟಿಲ ಮುಂದೆಯೇ ಬೆರಳು ಮಡಚಿದರು.

"ಯುಗಾದಿಯಿಂದ ಎಂಟು ತಿಂಗಳಾತು. ಇದು ಎಂಟು ತಿಂಗಳ ಕೂಸೇನ್ರಿ? ನನ್ನ ಮಗ ಬರೂದಕ್ಕಿಂತ ಮೊದಲ ಬಸುರಾಗ್ಯಾಳ!"

ಅಧಿಕ ಮಾಸದಲ್ಲಿ ಶುಭಕಾರ್ಯವಿಲ್ಲ. ಆದ್ದರಿಂದ ಅತ್ತೆಯ ಮನೆಯಲ್ಲಿ ಬಸುರಿನ ಲೆಕ್ಕದಲ್ಲೂ ಅದನ್ನು ಹಿಡಿಯುತ್ತಿರಲಿಲ್ಲ. ಗರ್ಭದೊಳಗಿನ ಶಿಶು ಒಂದು ತಿಂಗಳು ಬೆಳೆಯದೆ ಕಾದಿರಬೇಕಿತ್ತೇನೋ!

ಅವ್ವ ಬಿಡಲಿಲ್ಲ. "ಅಧಿಕದಾಗ ಅಳಿಯಗ ಮರ್ಯಾದಿ ಮಾಡಬೇಕಂತ ಕರದಾಗ ಬಂದು, ಹೊಸ ಧೋತರ ಉಟ್ಟು, ಹೋಳಿಗಿ ಉಂಡು ಹೋದ್ರಲ್ರೀ ನಿಮ್ಮ ಮಗ! ಉಣ್ಣಾಕ ಇದ್ದ ತಿಂಗಳು ಎಣಸಾಕ ಇಲ್ಲೇನು?"

ಅತ್ತೆ ತಡವರಿಸಿ, "ಹಂಗಾರ ಒಂಬತ್ತಾತು ಬಿಡ್ರಿ" ಎಂದರು. ಅಷ್ಟೇ, ತಪ್ಪಾಯಿತೆಂಬ ಒಂದು ಮಾತಿಲ್ಲ. ಆದರೆ ನನ್ನ ಸಿಟ್ಟು ಅವರ ಮೇಲಲ್ಲ. ತಾರೀಖಿನ ತಿಂಗಳಿಗೆ ಸಂಬಳ ಪಡೆಯುತ್ತಿದ್ದ ಭಾವನಿಗೆ ಮಾರ್ಚಿನಿಂದ ಡಿಸೆಂಬರಿಗೆ ಒಂಬತ್ತು ತಿಂಗಳೆಂಬುದು ಚೆನ್ನಾಗಿ ಗೊತ್ತಿತ್ತು. ಅಷ್ಟೂ ಹೊತ್ತು ಅವನು ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ.

ಬಾಣಂತನ ಮುಗಿದ ಮೇಲೆ ಕರೆದೊಯ್ಯಲು ಬಂದ ಅವನಿಗೆ ಅಕ್ಕ ಹೇಳಿದಳು: "ನಿಮ್ಮವ್ವಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ನಾ ಬರೂದಿಲ್ಲ."